ಬನಹಟ್ಟಿಯ ಜಗಲಿ ಏರಿದ ಇಸಿಜಿ

ಮಾನ್ಯ ಇಸಿಜಿ ಯಂತ್ರ ಮಹಾಶಯರೇ,

ಬನಹಟ್ಟಿಯ ನೇಕಾರ ಮನೆತನದ ಸೊಸೆ ಉಜ್ವಲಾಳ ಶರಣು ಶರಣಾರ್ಥಿಗಳು. ಜಮಖಂಡಿಯ ಆಸ್ಪತ್ರೆಯಲ್ಲಿ ತಣ್ಣಗೆ ಕುಳಿತು, ಬಂದವರೆಲ್ಲರ ಎದೆಬಡಿತವನ್ನು ಗೀಟುಗಳಲ್ಲಿ ಬರೆದುಕೊಡುವ ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಕ್ಷೇಮವಾಗಿರಲಿಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ.

ನನ್ನ ಏಳು ವರ್ಷದ ಮಗಳು ಕಾವ್ಯ ಶಾಲೆಯಲ್ಲಿ ತುಸು ಓಡಿದರೂ ಏದುಸಿರು ಬಿಟ್ಟು ಕೂತುಬಿಡುತ್ತಿದ್ದಳು. ನಮ್ಮೂರ ಡಾಕ್ಟರ್ ಶೈಲಾ ಅವಳ ಎದೆಗೆ ಸ್ಟೆತಾಸ್ಕೋಪಿನ ಕೊಳವೆಯಿಟ್ಟು ಕೇಳಿ, ಹೃದಯದ ಕವಾಟ ಕಿರಿದಾದಾಗ ಬರುವಂಥ ಸದ್ದಿದೆ ಎಂದು ನಮ್ಮನ್ನು ತಮ್ಮ ಸನ್ನಿಧಿಗೆ ಕಳಿಸಿದರು. ತಾವು ಮಗುವಿನ ಮೈಮೇಲೆ ತಂತಿ ಹರಡಿಸಿಕೊಂಡು, ಘನಗಂಭೀರವಾಗಿ "ನಾರ್ಮಲ್" ಎಂದು ಅಚ್ಚೊತ್ತಿ ಕೊಟ್ಟಿರಿ. ಮಕ್ಕಳಲ್ಲಿ ಕವಾಟ ಕಿರಿದಾಗಿದ್ದರೂ ಇಸಿಜಿ ಸರಿಯಾಗಿಯೇ ಬರಬಹುದು, ಬೆಳಗಾವಿಗೆ ಹೋಗಿ ಕವಾಟವನ್ನೇ ತೋರಿಸುವ ಎಕೋ ಸ್ಕ್ಯಾನ್ ಮಾಡಿಸಲೇಬೇಕು ಎಂದು ಡಾಕ್ಟರು ಒತ್ತಿ ಹೇಳಿದರು. ಅಷ್ಟರಲ್ಲಿ ತಮ್ಮ ಕಾಗದ ನನ್ನ ಅತ್ತೆ ಗುರುಬಸವ್ವನವರ ಕೈ ಸೇರಿತ್ತು.

ಅತ್ತೆ ಸೀರೆಯ ಅಂಚು ನೋಡುತ್ತಲೇ ತಲೆ ನರೆಸಿಕೊಂಡವರು. ತಮ್ಮ ಗೀಟುಗಳನ್ನು ತೊಡೆಯ ಮೇಲೆ ಹರವಿ, ಬೆರಳಾಡಿಸಿ, "ಆಹಾಹಾ, ಅಂಚು ಎಷ್ಟ ಛಲೋ ಬಂದೈತಿ! ಒಂದ ಎಳಿ ತಪ್ಪಿಲ್ಲ. ಇಂಥಾ ಕೂಸಿಗಿ ಏನ್ ಧಾಡಿ ಆಗೈತಿ?" ಎಂದು ತೀರ್ಪು ಕೊಟ್ಟರು. ಮರುದಿನವೇ ಕಾಗದರೂಪಿಯಾದ ತಮಗೆ ಗಾಜಿನ ಚೌಕಟ್ಟು ಹಾಕಿಸಿ, ದೇವರ ಜಗಲಿಯ ಮೇಲೆ ಪ್ರತಿಷ್ಠಾಪಿಸಲಾಯಿತು. ಚಿಮ್ಮಡದಿಂದ ಬಂದ ಬೀಗರಿಗೂ ಚಹಾಕ್ಕಿಂತ ಮೊದಲು ತಮ್ಮ ದರ್ಶನ. ನಾನು ಬೆಳಗಾವಿ ಎಂದು ಬಾಯಿ ತೆರೆದರೆ ಸಾಕು, ಅತ್ತೆ ಚೌಕಟ್ಟು ಹಿಡಿದು ಬರುತ್ತಿದ್ದರು. ನನ್ನ ಯಜಮಾನರು ಯುವರಾಜ ನಡುವೆ ನಿಂತು, "ಅವ್ವ ಹೇಳೂದೂ ಖರೆ, ನೀ ಹೇಳೂದೂ ಖರೆ" ಎನ್ನುತ್ತಿದ್ದರು. ಮುಚ್ಚಿಡುವುದೇನು, ಮಗಳು ಮೆಟ್ಟಿಲು ಹತ್ತುವಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು, ತಮ್ಮನ್ನು ಚೌಕಟ್ಟು ಸಮೇತ ಬಾವಿಗೆ ಎಸೆಯುವ ಆಸೆಯಾಗುತ್ತಿತ್ತು.

ಕೊನೆಗೆ ಹಟ ಹಿಡಿದು ಅತ್ತೆಯನ್ನೇ ಡಾಕ್ಟರ ಬಳಿ ಎಳೆದೊಯ್ದೆ. ಅವರು ವಾದಕ್ಕೆ ಇಳಿಯಲಿಲ್ಲ. ಕೊಳವೆಯನ್ನು ಅತ್ತೆಯ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೊಮ್ಮಗಳ ಎದೆಗಿಟ್ಟರು. ಬಡಿತದ ನಡುನಡುವೆ ಸುಯ್ ಎನ್ನುವ ಸದ್ದು ಕೇಳಿ ಅತ್ತೆಯ ಮುಖ ಬಾಡಿತು. "ಮಗ್ಗ ಕೆಟ್ಟರ ಮೊದಲ ಸದ್ದ ಹೇಳತೈತಿ, ಅಂಚಿಗಿ ಆಮ್ಯಾಲ ಗೊತ್ತಾಕ್ಕೈತಿ. ಏಳ್ರಿ, ಬೆಳಗಾವಿಗಿ ನಡೀರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿ ನೋಡಿದರೆ ಕವಾಟ ಕಿರಿದಾಗಿದ್ದುದು ನಿಜವೇ. ವೈದ್ಯರು ರಕ್ತನಾಳದೊಳಗಿಂದ ಪುಟ್ಟ ಬಲೂನು ತೂರಿಸಿ ಅದನ್ನು ಅಗಲಿಸಿದರು. ಈಗ ಕಾವ್ಯಳನ್ನು ಹಿಡಿಯಲು ಹೋಗಿ ಏದುಸಿರು ಬಿಡುವವರು ನಾವು.

ಆದ್ದರಿಂದ ಮಹಾಶಯರೇ, ತಮ್ಮ ಅಂದದ ಬರವಣಿಗೆಗೆ ಕುಂದು ಬಾರದಂತೆ ಒಂದು ವಿನಂತಿ: ಮಕ್ಕಳ ಕಾಗದದ ಮೇಲೆ "ನನ್ನದು ಅರ್ಧ ಮಾತು, ಉಳಿದದ್ದಕ್ಕೆ ಡಾಕ್ಟರನ್ನು ಕೇಳಿ" ಎಂದು ದಪ್ಪಕ್ಷರದಲ್ಲಿ ಬರೆಯತಕ್ಕದ್ದು. ಹಾಗೆಯೇ ಬಿಡುವು ಮಾಡಿಕೊಂಡು, ಬಸ್ಸು ಹಿಡಿದು ಬನಹಟ್ಟಿಗೆ ಬಂದು, ನಮ್ಮ ಜಗಲಿಯ ಮೇಲಿರುವ ತಮ್ಮ ಕಾಗದವನ್ನು ತಾವೇ ಇಳಿಸಿಕೊಂಡು ಹೋಗತಕ್ಕದ್ದು. ಚಹಾ ಕೊಡುತ್ತೇವೆ.

ತಮ್ಮ ವಿಶ್ವಾಸಿ, ಅದೂ ಅರ್ಧ ಮಾತ್ರ,
ಉಜ್ವಲಾ

ತಾ.ಕ.: ಚಿಕಿತ್ಸೆ ಮುಗಿಸಿ ಮಗಳನ್ನು ಮತ್ತೆ ತಮ್ಮೆದುರು ಮಲಗಿಸಿದಾಗಲೂ ತಾವು ಅದೇ ಗೀಟೆಳೆದು ಅದೇ "ನಾರ್ಮಲ್" ಎಂದಿರಿ. ಅತ್ತೆ ನಕ್ಕು, "ಇದು ನಮ್ಮ ಯುವರಾಜನಂಗ ಐತಿ ನೋಡ ಬೇ, ಎಲ್ಲಾದಕ್ಕೂ ಖರೆ ಅಂತೈತಿ," ಎಂದರು. ಯಜಮಾನರು ಅದಕ್ಕೂ "ಖರೆ" ಎಂದರು.