ಹಿಂದೆ ಹಿಡ್ಕೊಂಡಿರೋರು ಯಾರು?

ಡ್ರಿಲ್ ಮೇಷ್ಟ್ರು ಅನ್ನಿಸಿಕೊಂಡವನು ಸೀಟಿ ಊದಿಕೊಂಡು ತೆಪ್ಪಗಿದ್ದರೆ ಅವನ ಬಾಳು ನೆಟ್ಟಗಿರುತ್ತದೆ. ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಇನ್ನೊಬ್ಬರ ಹಿಂದೆ ಓಡೋಕೆ ಶುರು ಮಾಡಿದನೋ, ಅಲ್ಲಿಂದಾಚೆಗೆ ನಗುವಂಥ ಸಂಗತಿಗಳು ಅವನ ವಿಳಾಸ ಹುಡುಕಿಕೊಂಡು ಬರುತ್ತವೆ. ಬೇಗೂರಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ಇದ್ದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದಾಗ ಹಾಗೇ ಆಯಿತು. ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಹೇಳಿದ್ದರಲ್ಲಿ ಅರ್ಧ ಬಿಟ್ಟು ಕೇಳಿ ಅಂತ ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಯಾವ ಅರ್ಧ ಬಿಡಬೇಕು ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ.

೧. ಕೊಟ್ಟಿಗೆಯಲ್ಲಿ ಕಟ್ಟಿದ ಸೈಕಲ್ಲು

ಆ ವರ್ಷ ನಮ್ಮ ಸ್ಕೂಲಿನ ಎಂಟನೇ ಕ್ಲಾಸಿನ ಹನ್ನೆರಡು ಹುಡುಗಿಯರಿಗೂ ಸರ್ಕಾರದ ಸೈಕಲ್ಲು ಬಂದವು. ಹನ್ನೆರಡು ಜನರಲ್ಲಿ ತುಳಿಯಲು ಬರುತ್ತಿದ್ದುದು ಇಬ್ಬರಿಗೆ. ಮಿಕ್ಕವರು ಸಾಯಂಕಾಲ ಸ್ಕೂಲು ಬಿಟ್ಟಾಗ ಹ್ಯಾಂಡಲ್ ಹಿಡಿದುಕೊಂಡು, ಸಂತೆಯಲ್ಲಿ ಕೊಂಡ ಎಮ್ಮೆಯನ್ನು ಮನೆಗೆ ಹೊಡೆದುಕೊಂಡು ಹೋಗುವ ಹಾಗೆ, ಸಾಲಾಗಿ ನಡೆದುಕೊಂಡೇ ಹೋದರು.

ಅವರಲ್ಲಿ ಒಬ್ಬಳು ಮಾತ್ರ ಮಾರನೇ ದಿನದಿಂದ ಸೈಕಲ್ಲು ತರಲೇ ಇಲ್ಲ. ಸಣ್ಣಗೆ ಕಡ್ಡಿಯ ಹಾಗಿದ್ದಳು, ನಾಲಿಗೆ ಮಾತ್ರ ಚುರುಕು. ಆಯುಧಪೂಜೆ ಕಳೆದು ಎರಡು ದಿನಕ್ಕೆ ಅವಳ ಮನೆಗೇ ಹೋದೆ. ಹೆದ್ದಾರಿ ದಾಟಿ, ಚೆಂಡುಹೂವಿನ ಹೊಲಗಳ ನಡುವಿನ ಮಣ್ಣುರಸ್ತೆಯಲ್ಲಿ ಒಂದು ಮೈಲಿ. ಅಪ್ಪ ಅಮ್ಮ ಕೇರಳದ ಕಡೆ ಶುಂಠಿ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಸೈಕಲ್ಲು ಎಲ್ಲಿ ಅಂದರೆ ಕೊಟ್ಟಿಗೆ ತೋರಿಸಿದರು. ಹಸುವಿನ ಪಕ್ಕದ ಗೂಟಕ್ಕೆ ಹಗ್ಗ ಹಾಕಿ ಕಟ್ಟಿತ್ತು. ಹ್ಯಾಂಡಲ್ಲಿಗೆ ಮೂರು ಬೆರಳಿನ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು. ಹಾಕಿದ್ದ ಹಾರವನ್ನು ಹಸು ತಿಂದು ದಾರ ಮಾತ್ರ ಬಿಟ್ಟಿತ್ತು.

"ಯಾಕಜ್ಜಿ ಕಟ್ಟಿ ಹಾಕಿದ್ದೀರಿ?" ಅಂದೆ.

"ಬುಟ್ರೆ ಅವ್ಳು ಅತ್ಕಂಡು ಓಯ್ತಾಳೆ ಕಣ್ ಮೇಷ್ಟ್ರೆ."

"ಹತ್ತಿಕೊಂಡು ಹೋಗಲಿ ಅಂತಲೇ ಅಲ್ವಾ ಕೊಟ್ಟಿರೋದು?"

"ಕೊಟ್ಟೋರು ಆ ರೋಡ್ನ ನೋಡವ್ರಾ?"

ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. ಊಟಿಗೆ ಹೋಗುವ ಕಾರು, ಕೇರಳದ ತರಕಾರಿ ಲಾರಿ, ಬಸ್ಸು, ಎಲ್ಲಾ ಆ ರಸ್ತೆಯಲ್ಲೇ. ಅಜ್ಜಿ ದಿನಾ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ರಸ್ತೆ ದಾಟಿಸಿ, ಸಂಜೆ ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಬಸ್ಸು ಎಷ್ಟೋ ಓಡಾಡುತ್ತಿದ್ದವು. ಆದರೆ ಪೇಟೆಗೆ ಹೋಗಲು ಅವರೂರ ತಿರುವಿನಲ್ಲಿ ಅಜ್ಜಿ ಎಷ್ಟು ಕೈಯಾಡಿಸಿದರೂ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಇಲ್ಲಿ ಸ್ಟಾಪ್ ಇಲ್ಲ ಕಣಜ್ಜಿ," ಅಂತ ಕೂಗಿಕೊಂಡೇ ಹೋಗುತ್ತಿದ್ದ. ಹತ್ತು ವರ್ಷದಿಂದ ಅದೇ ಮಾತು.

"ನನ್ ಮಂಡಿ ದೀಪಾವಳಿಗಂಟ ನಡೀತದೆ, ಆಮೇಲೆ ನಡೆಯಾಕಿಲ್ಲ," ಅಂದರು ಅಜ್ಜಿ. "ಅಷ್ಟ್ರೊಳ್ಗೆ ಇವ್ಳು ನನ್ ಕಣ್ಮುಂದೆ ಆ ರೋಡ್ ದಾಟ್ಬೇಕು. ಇಲ್ದಿದ್ರೆ ಇಸ್ಕೂಲ್ ಬುಡುಸ್ಬುಡ್ತೀನಿ."

ಹುಡುಗಿ ಹಸುವಿನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹದಿನೆಂಟೇ ದಿನ ಉಳಿದಿತ್ತು. "ಕಲಿಸ್ತೀನಿ, ಹಗ್ಗ ಬಿಚ್ಚಿ," ಅಂದೆ.

ಅಜ್ಜಿ ಬಿಚ್ಚುತ್ತಾ ಗೊಣಗಿದರು. "ತಕಂಡೋಗಿ. ಅಸ ಕಟ್ಟುದ್ರೆ ಆಲಾದ್ರೂ ಕೊಡ್ತದೆ. ಇದು ಬರೀ ಗಾಳಿ ತುಂಬ್ಸು ಅಂತದೆ."

೨. ಸೀಟಿ

ನಮ್ಮ ಸ್ಕೂಲಿನ ಮೈದಾನದ ಮೂಲೆಯಲ್ಲಿ ಆಗ ಒಂದು ಹುಣಸೆಮರ ಇತ್ತು. ಅದರ ಕೆಳಗೆ ಕೂತರೆ ಗೋಪಾಲಸ್ವಾಮಿ ಬೆಟ್ಟದ ತಲೆಯ ಮೇಲೆ ಮೋಡ ಕೂತಿರುವುದು ಕಾಣುತ್ತಿತ್ತು. ಆ ನೆರಳಿನಷ್ಟು ತಂಪು ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ. ನನ್ನ ಸೈಕಲ್ ವಿದ್ಯೆಯ ಅರ್ಧ ಆ ನೆರಳಿನಲ್ಲೇ ನಡೆದದ್ದು.

ಸೈಕಲ್ಲು ಕಲಿಸುವವನಿಗೆ ಇರುವುದು ಒಂದೇ ಮಂತ್ರ: "ಹಿಡ್ಕೊಂಡಿದ್ದೀನಿ, ತುಳಿ." ಹೀಗಂತ ಹೇಳಿ ಕೈ ಬಿಡುವುದು. ಇದನ್ನು ಸುಳ್ಳು ಅನ್ನಬಾರದು, ಪಾಠ ಅನ್ನಬೇಕು. ಆದರೆ ಈ ಹುಡುಗಿಯ ಹತ್ತಿರ ಅದು ನಡೆಯಲಿಲ್ಲ. ಎರಡು ಸಲ ತುಳಿದರೆ ಒಂದು ಸಲ ಹಿಂದೆ ತಿರುಗಿ ನೋಡೋಳು. ನೋಡಿದ ಕೂಡಲೇ ಬೀಳೋಳು. ಬಿದ್ದಲ್ಲಿಂದಲೇ, "ಸಾ, ನೀವು ಬುಟ್ಬುಟ್ರಿ," ಅನ್ನೋಳು. ನಾಲ್ಕು ದಿನ ಹೀಗೇ ಹೋಯಿತು. ಓಡಿ ಓಡಿ ನನ್ನ ಬನಿಯನ್ನು ಹಿಂಡಿದರೆ ಒಂದು ಚೊಂಬು ನೀರು ಬರುತ್ತಿತ್ತು.

ಐದನೇ ದಿನ ಉಪಾಯ ಮಾಡಿದೆ. "ನೋಡಮ್ಮ, ಇವತ್ತು ನಾನು ಸೀಟಿ ಊದ್ತಾ ಹಿಂದೆ ಬರ್ತೀನಿ. ಸೀಟಿ ಕೇಳಿಸ್ತಾ ಇರೋವರೆಗೂ ನಾನು ಹಿಡ್ಕೊಂಡಿದ್ದೀನಿ ಅಂತ ಅರ್ಥ. ತಿರುಗಿ ನೋಡೋ ಹಾಗಿಲ್ಲ."

ಡ್ರಿಲ್ ಮೇಷ್ಟ್ರ ಸೀಟಿ ಮೂರು ಹೊಲದಾಚೆಗೂ ಕೇಳುತ್ತದೆ ಅನ್ನುವುದು ಪಾಪ ಅವಳಿಗೆ ಹೊಳೆಯಲಿಲ್ಲ. ಹತ್ತು ಹೆಜ್ಜೆ ಓಡಿ ಕೈ ಬಿಟ್ಟೆ. ಮರದ ಕೆಳಗೆ ಹೋಗಿ ಕೂತು, ಟೀ ಕುಡಿಯುತ್ತಾ, ನಡುನಡುವೆ ಸೀಟಿ ಊದುತ್ತಾ ಇದ್ದೆ. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಮೈದಾನದ ಆ ತುದಿಗೆ ಹೋದಳು, ತಿರುಗಿದಳು, ಗೋಲ್ ಪೋಸ್ಟ್ ಸುತ್ತಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಒಂದು ಸುತ್ತು ಮುಗಿಸಿದರೆ ಈ ಮರದ ಮುಂದೆಯೇ ಬರುತ್ತಾಳೆ ಅನ್ನುವುದನ್ನೇ ಮರೆತುಬಿಟ್ಟೆ.

ಬಂದಳು. ಒಂದು ಕೈಯಲ್ಲಿ ಟೀ ಲೋಟ, ಬಾಯಲ್ಲಿ ಸೀಟಿ, ಕಾಲು ಚಾಚಿಕೊಂಡು ಕೂತಿದ್ದ ನನ್ನನ್ನು ನೋಡಿದಳು. ತುಳಿಯುವುದು ನಿಲ್ಲಿಸಲಿಲ್ಲ. ಗಂಭೀರವಾಗಿ ಕೇಳಿದಳು.

"ಸಾ, ನೀವು ಇಲ್ಲಿ ಕುಂತಿದ್ರೆ ಹಿಂದೆ ಹಿಡ್ಕೊಂಡಿರೋರು ಯಾರು?"

ಅಷ್ಟು ಕೇಳಿ, ಆಮೇಲೆ ಬಿದ್ದಳು.

೩. ಮೂರು ಎಡ ಒಂದು ಬಲ

ಮೈದಾನದಲ್ಲಿ ಬಂದ ವಿದ್ಯೆ ರಸ್ತೆಗೆ ಸಾಲದು. ಹುಡುಗಿ ಮನೆಗೆ ಹೋಗಬೇಕಾದರೆ ಹೆದ್ದಾರಿಯಲ್ಲಿ ಅರ್ಧ ಫರ್ಲಾಂಗು ಹೋಗಿ ಬಲಕ್ಕೆ ತಿರುಗಬೇಕು. ಅಂದರೆ ಎದುರಿನಿಂದ ಬರುವುದನ್ನೂ ಹಿಂದಿನಿಂದ ಬರುವುದನ್ನೂ ನೋಡಿಕೊಂಡು ನಡುರಸ್ತೆ ದಾಟಬೇಕು. ಆ ಹೆಸರೆತ್ತಿದರೆ ಹುಡುಗಿ ಸೈಕಲ್ಲಿನಿಂದ ಇಳಿದುಬಿಡುತ್ತಿದ್ದಳು.

ನಮ್ಮ ಗಣಿತದ ಮೇಡಂ ದಿನಾ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದವರು. ನಲವತ್ತು ದಾಟಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ, "ಸಾರ್, ನನಗೂ ಕಲಿಸಿ. ಈ ವಯಸ್ಸಲ್ಲಿ ನಾನು ಬಲಕ್ಕೆ ತಿರುಗಿದರೆ ಆ ಮಗೂಗೆ ಧೈರ್ಯ ಬರುತ್ತೆ," ಅಂದರು. ನನ್ನ ಮಾವನ ಮನೆಯೂ ಚಾಮರಾಜನಗರದಲ್ಲೇ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಕಲಿಸಿದೆ. ಮೇಡಂ ಚಿಕ್ಕಂದಿನಲ್ಲಿ ಸ್ವಲ್ಪ ತುಳಿದಿದ್ದರಂತೆ, ಬೇಗ ಹಿಡಿತ ಬಂತು. ಆದರೆ ಬಲಗಡೆ ಅಂದರೆ ಕೈಕಾಲು ಆಡದು. ಬಲಕ್ಕೆ ತಿರುಗಬೇಕಾದಲ್ಲಿ ನೇರ ಹೋಗಿ ಎಡ, ಮತ್ತೆ ಎಡ, ಮತ್ತೆ ಎಡ ತಿರುಗಿಕೊಂಡು ಬರೋರು.

"ಮೂರು ಎಡ ಸೇರಿದರೆ ಒಂದು ಬಲ, ಸಾರ್. ಲೆಕ್ಕ ಸರಿಯಾಗಿದೆ," ಅಂತ ನನಗೇ ಪಾಠ ಹೇಳಿದರು.

ಅವರು ಅಭ್ಯಾಸಕ್ಕೆ ಆರಿಸಿಕೊಂಡದ್ದು ದೊಡ್ಡ ದೇವಸ್ಥಾನದ ಸುತ್ತಲಿನ ಬೀದಿ. ಎಡಕ್ಕೇ ತಿರುಗುತ್ತಾ ಆರು ಸುತ್ತು ಹೊಡೆದು ನಿಂತಾಗ, ದೇವಸ್ಥಾನದ ಮುಂದೆ ಹೂ ಮಾರುತ್ತಿದ್ದ ಮುದುಕಿ ಕೇಳಿದಳು. "ಆಗ್ಲಿಂದ ನೋಡ್ತಾ ಇವ್ನಿ ಕಣಮ್ಮ. ಸ್ವಾಮಿನ ಎಡಕ್ಕಾಕ್ಕಂಡು ಆರು ಸುತ್ತು ಸುತ್ತುದ್ರಿ. ಎಲ್ರೂ ಬಲಕ್ಕಾಕ್ಕಂಡು ಸುತ್ತಿದ್ರೆ ನೀವು ಇಂಗೆ. ಏನು ಸಿಟ್ಟು ಅವ್ನ ಮ್ಯಾಲೆ?"

ಮೇಡಂ ಮುಖ ಬಿಳಿಚಿಕೊಂಡಿತು. ಆರು ಅಪ್ರದಕ್ಷಿಣೆ. ಲಾರಿಗೆ ಹೆದರಿ ಎಡಕ್ಕೆ ತಿರುಗುತ್ತಿದ್ದವರು ದೇವರಿಗೆ ಹೆದರಿ ಬಲಕ್ಕೆ ತಿರುಗಿದರು. ಆಟೋಗಳ ನಡುವೆ, ಕಣ್ಣು ಅರ್ಧ ಮುಚ್ಚಿಕೊಂಡು, ಒಂದಲ್ಲ ಎರಡಲ್ಲ, ಆರು ಸುತ್ತು ಬಲಕ್ಕೇ.

ಆ ಮುದುಕಿಗೆ ಮಾತು ಹೇಳಿಕೊಟ್ಟವನು ನಾನೇ ಅಂತ ಮೇಡಂಗೆ ಇವತ್ತಿಗೂ ಅನುಮಾನ. ಅವತ್ತು ಬೆಳಿಗ್ಗೆ ನಾನು ಅವಳ ಹತ್ತಿರ ಎರಡು ಮೊಳ ಮಲ್ಲಿಗೆ ಕೊಂಡದ್ದು ನಿಜ, ಸ್ವಲ್ಪ ಹೊತ್ತು ಮಾತಾಡಿದ್ದೂ ನಿಜ. ಏನು ಮಾತಾಡಿದೆ ಅನ್ನೋದು ಮರೆತುಹೋಗಿದೆ.

ಮೇಡಂ ಸೈಕಲ್ಲು ನಿಲ್ಲಿಸಿ, ಬೆವರು ಒರೆಸಿಕೊಂಡು, ನೆಮ್ಮದಿಯಾಗಿ ಹೇಳಿದರು. "ಆರು ಮೈನಸ್ ಆರು, ಸೊನ್ನೆ. ಸ್ವಾಮಿಯ ಲೆಕ್ಕದಲ್ಲಿ ನಾನು ಇವತ್ತು ಈ ಕಡೆ ಬಂದೇ ಇಲ್ಲ ಸಾರ್."

೪. ಕೈ ಚಾಚಿದರೆ

ಸೋಮವಾರ ಮೇಡಂ ಕ್ಲಾಸಿನಲ್ಲಿ ಈ ಕಥೆ ಹೇಳಿದ್ದೇ ತಡ, ಹುಡುಗಿಯ ಮುಖ ಅರಳಿತು. "ಮೇಡಂಗೇ ಬಂತು ಅಂದ್ರೆ ನಂಗೂ ಬತ್ತದೆ," ಅಂದಳು. ಮೇಡಂ ಇದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡರು.

ಅಷ್ಟು ಹೊತ್ತಿಗೆ ಮಿಕ್ಕವರೂ ಮೈದಾನದಲ್ಲಿ ಬಿದ್ದೆದ್ದು ಕಲಿತಿದ್ದರು. ಹನ್ನೆರಡು ಜನರನ್ನೂ ರಸ್ತೆಗೆ ಇಳಿಸಿದೆ. ಎಡಗಡೆ ಅಂಚಿನಲ್ಲಿ ಸಾಲಾಗಿ, ಒಬ್ಬರಿಗೊಬ್ಬರು ಇಪ್ಪತ್ತು ಹೆಜ್ಜೆ ದೂರ. ತಿರುಗುವ ಮೊದಲು ಹಿಂದೆ ನೋಡಬೇಕು, ಬಲಗೈ ನೆಟ್ಟಗೆ ಚಾಚಬೇಕು. ಡ್ರಿಲ್ಲಿನಲ್ಲಿ ಕೈ ಚಾಚಿ ಚಾಚಿ ಅವರಿಗೆ ಅದು ಅಭ್ಯಾಸವೇ ಆಗಿತ್ತು.

ನಾನು ಮರೆತದ್ದು ಒಂದೇ. ನಮ್ಮ ಕಡೆ ರಸ್ತೆ ಪಕ್ಕದಲ್ಲಿ ಕೈ ಚಾಚಿದರೆ ಅದಕ್ಕೆ ಇರುವುದು ಒಂದೇ ಅರ್ಥ.

ಸಾಲಿನ ಹಿಂತುದಿಯಲ್ಲಿದ್ದವಳು ಮೊದಲು ಕೈ ಚಾಚಿದಳು. ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲು ತೆಗೆದ. "ಯಾರ್ ಅತ್ತೋರು, ಬನ್ನಿ ಬನ್ನಿ."

"ಯಾರೂ ಅತ್ತಲ್ಲ, ನಾವು ತಿರುಗ್ತಾ ಇದ್ದೀವಿ," ಅಂದಳು ಅವಳು.

"ತಿರುಕ್ಕಳಿ. ಅದ್ಕೆ ನಮ್ ಬಸ್ ಯಾಕ್ ನಿಲ್ಲುಸ್ತೀರಿ?"

ಬಸ್ಸು ಹೊರಟು ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಎರಡನೆಯವಳ ಕೈ. ನಿಂತಿತು. ಮತ್ತೆ ಹೊರಟಿತು. ಮೂರನೆಯವಳ ಕೈ. ಪಕ್ಕದಲ್ಲಿ ಬಿಳಿ ಪ್ಯಾಂಟು ಬಿಳಿ ಟೋಪಿ ಹಾಕಿಕೊಂಡು ಸೀಟಿ ಊದುತ್ತಿದ್ದ ನನ್ನನ್ನು ನೋಡಿ, ಯಾವನೋ ತಪಾಸಣೆ ಅಧಿಕಾರಿ ಇರಬೇಕು ಅಂತ ಡ್ರೈವರು ಒಂದೊಂದು ಕೈಗೂ ಮರ್ಯಾದೆ ಕೊಟ್ಟು ನಿಲ್ಲಿಸಿದ. ಹನ್ನೆರಡು ಸಲ. ಹೆಂಡತಿ ಇದನ್ನು ಆರು ಅನ್ನುತ್ತಾಳೆ.

ರಸ್ತೆಯಾಚೆ ಮೊಮ್ಮಗಳಿಗೆ ಕಾಯುತ್ತಿದ್ದ ಅಜ್ಜಿ ಎಲ್ಲಾ ನೋಡುತ್ತಿದ್ದರು. "ಅಲ್ಲಾ ಮೇಷ್ಟ್ರೆ, ಅತ್ತು ವರ್ಸದಿಂದ ನಾನೂ ಇಲ್ಲೇ ಕೈಯಾಡುಸ್ತಾ ಇವ್ನಿ. ನಂಗೊಂದು ದಿನ ನಿಲ್ನಿಲ್ವಲ್ಲ," ಅಂದರು. ಆ ಮಾತಿನಲ್ಲಿ ನಗು ಇರಲಿಲ್ಲ.

ಕಂಡಕ್ಟರು ಮಾತ್ರ ಕೊನೆಯ ಹುಡುಗಿಯ ಹತ್ತಿರ ಇಳಿದು ಬಂದು, ನನಗೆ ಕೈ ಮುಗಿದ. "ಮೈಸೂರಿಂದ ಇಲ್ಲಿಗಂಟ ಇಷ್ಟು ಸ್ಟಾಪ್ ಇರ್ನಿಲ್ಲ ಸಾರ್. ಇನ್ನೂ ಎಷ್ಟು ಹುಡ್ಗೀರವ್ರೆ?"

೫. ಅಜ್ಜಿಯ ಕೈ

ಈಗ ಆ ರಸ್ತೆಯಲ್ಲಿ ಹೋದರೆ ನನಗೆ ಗುರುತು ಸಿಗುವುದು ಕಮ್ಮಿ. ಹುಣಸೆಮರ ಇಲ್ಲ. ಆದರೆ ಆ ತಿರುವಿಗೆ ಬಂದ ಕೂಡಲೇ ನನ್ನ ಬೈಕು ತಾನಾಗೇ ನಿಧಾನವಾಗುತ್ತದೆ.

ದೀಪಾವಳಿಗೆ ಎರಡು ದಿನ ಮುಂಚೆ, ಸ್ಕೂಲು ಬಿಡುವ ಹೊತ್ತಿಗೆ ಅಜ್ಜಿ ಕುಂಟುತ್ತಾ ಗೇಟಿಗೆ ಬಂದರು. "ಇವತ್ತು ನೋಡ್ಬುಡನ," ಅಂದರು. ಆಚೆ ಕಡೆ ನಿಂತು ನೋಡಿ ಅಂದೆ.

"ದೂರದಿಂದ ನೋಡುದ್ರೆ ನನ್ ಎದೆ ನಿಂತೋಯ್ತದೆ. ನಾನು ಇಂದ್ಗಡೆ ಕುಂತ್ಕತೀನಿ. ಆಗೋದಾದ್ರೆ ಇಬ್ರಿಗೂ ಆಗ್ಲಿ."

ನಾನು ಸೈಕಲ್ಲು ಅಲ್ಲಾಡದ ಹಾಗೆ ಹಿಡಿದುಕೊಂಡೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರಿನ ಮೇಲೆ ಒಂದು ಕಡೆಗೆ ಕಾಲು ಬಿಟ್ಟು ಕೂತರು. ಸೀಟಿ ಬಾಯಿಗಿಟ್ಟುಕೊಂಡೆ. ಹುಡುಗಿ ತಿರುಗಿ ನೋಡಿದಳು.

"ಸಾ, ಸೀಟಿ ಊದ್ಬೇಡಿ. ಊದುದ್ರೆ ನೀವು ಹಿಂದೆ ಇಲ್ಲ ಅಂತ ಗೊತ್ತಾಯ್ತದೆ."

"ನಾನ್ ಇಡ್ಕಂಡಿವ್ನಿ ಕಣಮ್ಮಿ, ನೀ ತುಳಿ," ಅಂದರು ಅಜ್ಜಿ.

ಸೈಕಲ್ಲು ಸ್ವಲ್ಪ ಓಲಾಡಿ ನೆಟ್ಟಗಾಯಿತು. ನಾನೂ ಮೇಡಮ್ಮೂ ಗೇಟು ಹಿಡಿದುಕೊಂಡು ನಿಂತಿದ್ದೆವು. ತಿರುವು ಹತ್ತಿರ ಬಂತು. ಹಿಂದಿನಿಂದ ಅದೇ ಬಸ್ಸು, ಅದರ ಹಿಂದೆ ಟೊಮೆಟೊ ಲಾರಿ, ಅದರ ಹಿಂದೆ ಊಟಿಯ ಕಾರುಗಳು. ಎದುರಿನಿಂದ ಕೇರಳದ ಒಂದು ಲಾರಿ. ಹುಡುಗಿ ಹಿಂದೆ ನೋಡಿದಳು. ಬಲಗೈ ಚಾಚಿದಳು. ಡ್ರಿಲ್ಲಿನಲ್ಲೂ ಅಷ್ಟು ನೆಟ್ಟಗೆ ಚಾಚಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಸ್ಸು ನೋಡಿದರು. ಹತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಎದ್ದಿತು. ಮೊಮ್ಮಗಳ ಕೈ ನೆಟ್ಟಗೆ, ಅಜ್ಜಿಯ ಕೈ ಮೇಲೆ ಕೆಳಗೆ.

ಬಸ್ಸು ನಿಂತಿತು. ಟೊಮೆಟೊ ಲಾರಿ ನಿಂತಿತು. ಕಾರುಗಳು ನಿಂತವು. ಸೈಕಲ್ಲಿನ ಹಿಂದೆ ಕೂತು ಕೈಯಾಡಿಸುತ್ತಿದ್ದ ಮುದುಕಿಯನ್ನು ಕಂಡು ಎದುರಿನ ಕೇರಳದ ಲಾರಿಯವನೂ ನಿಂತುಬಿಟ್ಟ. ಅಷ್ಟು ದೊಡ್ಡ ರಸ್ತೆ ಒಂದು ಗಳಿಗೆ ಸದ್ದಿಲ್ಲದೆ ಇತ್ತು. ಅದರ ನಡುವೆ ಹುಡುಗಿ ಆತುರವಿಲ್ಲದೆ, ಕಾಲು ನೆಲಕ್ಕೆ ತಾಗಿಸದೆ, ಬಲಕ್ಕೆ ತಿರುಗಿ ಮಣ್ಣುರಸ್ತೆಗೆ ಇಳಿದು ಹೊಂಗೆಮರದ ಕೆಳಗೆ ನಿಂತಳು.

ಅಜ್ಜಿ ಇಳಿದರು. ಮೊಮ್ಮಗಳ ತಲೆ ಮುಟ್ಟಿದರು. "ನಾಳಿಂದ ನೀನೇ ಓಗಿ ಬಾ ಕಣಮ್ಮಿ. ಸೈಕಲ್ ಕಟ್ಟಿದ್ ಅಗ್ಗನ ಅಸಿನ್ ಕರುಗೆ ಕಟ್ಟನ."

ನಾನು ಓಡಿ ಬಂದು ಸೇರುವ ಹೊತ್ತಿಗೆ ಬಸ್ಸು ಇನ್ನೂ ಅಲ್ಲೇ ಇತ್ತು. ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಕೂಗಿದ. "ಬಸ್ ಅತ್ತಜ್ಜಿ ಬೇಗ, ಹೆಂಗೂ ನಿಲ್ಸಾಯ್ತಲ್ಲ."

ಅಜ್ಜಿ ಸೆರಗು ಸರಿಮಾಡಿಕೊಂಡು, ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿ, ತಣ್ಣಗೆ ಹೇಳಿದರು.

"ಇಲ್ಲಿ ಸ್ಟಾಪ್ ಇಲ್ಲ ಕಣಪ್ಪ. ನೀ ಓಗು."