ಹೆಡ್‌ಮಾಸ್ಟರ ಕಸದ ಬುಟ್ಟಿ

"ಕಸದ ಬುಟ್ಟಿ ತಾ ಅಂದ್ರೆ ನನ್ನದೇ ಬೇಕಿತ್ತೇನಯ್ಯಾ? ತಲೆ ನೆಟ್ಟಗಿದೆಯಾ ನಿಂಗೆ?" ಹೆಡ್‌ಮಾಸ್ಟರು ಗುಡುಗಿದರು.

"ತುಂಬಿದ್ದು ತನ್ನಿ ಅಂದ್ರು ಸಾರ್. ನಿಮ್ಮದೊಂದೇ ತುಂಬಿತ್ತು."

ಬುಟ್ಟಿ ಹೊತ್ತು ತಂದಿದ್ದ ಚರಿತ್ರೆ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಹೆಂಡತಿಗೆ ದೂರದೂರಿನಲ್ಲಿ ಕೆಲಸ. ಅಲ್ಲಿಗೆ ವರ್ಗ ಬೇಡಿ ಬರೆದ ಅರ್ಜಿ ಈ ಮನುಷ್ಯನ ಸಹಿಗಾಗಿ ಕಾಯುತ್ತಿತ್ತು.

"ಇರಲಿ ಬಿಡಿ," ಎಂದರು ಇಲಾಖೆಯಿಂದ ಬಂದಿದ್ದ ತರಬೇತಿಯವರು. ಪುರಾತತ್ವವನ್ನು ತರಗತಿಗೆ ತರುವುದು ಹೇಗೆಂದು ಮೇಷ್ಟ್ರುಗಳಿಗೆ ಕಲಿಸುವುದು ಅವರ ಕೆಲಸ. "ಇದೇ ನಾವು ಅಗೆಯೋ ದಿಬ್ಬ ಅಂದ್ಕೊಳ್ಳಿ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಒಂದೊಂದೇ ಪದರ ತೆಗೀರಿ. ಇಲ್ಲಿ ಬದುಕಿದವರು ಎಂಥವರು, ಹೇಳಿ. ನಾಳೆ ಮಕ್ಕಳ ಕೈಲೂ ಹೀಗೇ ಮಾಡಿಸಿ."

ಮೇಲೆ ಮಿಠಾಯಿ ಕಾಗದಗಳು. ಕೆಳಗೆ ಸಕ್ಕರೆ ಕಾಯಿಲೆಯ ಮಾತ್ರೆಗಳು, ಪೊಟ್ಟಣ ಕೂಡ ಒಡೆದಿಲ್ಲ.

"ಬಾಯಿಚಪಲದ ರೋಗಿ," ಎಂದರು ಗಣಿತದ ಮೇಷ್ಟ್ರು.

ಭಾಷೆಯ ಟೀಚರು ಎದ್ದು ನಿಂತರು. ಅವರು ಹೆಡ್‌ಮಾಸ್ಟರ ಹೆಂಡತಿ. "ಏನ್ರೀ, ಮಾತ್ರೆ ತಗೊಂಡೆ ಅಂತ ದಿನಾ ಹೇಳ್ತೀರಲ್ಲ?"

ಹೆಡ್‌ಮಾಸ್ಟರ ಮುಖ ಒದ್ದೆಯಾದ ಸೀಮೆಸುಣ್ಣದಂತಾಯಿತು. ಇಡೀ ಶಾಲೆಯನ್ನು ನಡುಗಿಸುವವನು ಬಾಗಿಲು ಹಾಕಿಕೊಂಡು ಮಿಠಾಯಿ ಚೀಪುವುದನ್ನು ನೆನೆದು ಚರಿತ್ರೆ ಮೇಷ್ಟ್ರಿಗೆ ಅಯ್ಯೋ ಪಾಪ ಅನಿಸಿತು. ವರ್ಗದ ಅರ್ಜಿಯೂ ನೆನಪಾಯಿತು. ಎರಡರಲ್ಲಿ ಯಾವುದು ಬಾಯಿ ಬಿಡಿಸಿತೋ ಅವರಿಗೇ ತಿಳಿಯದು.

"ಅದೆಲ್ಲ ನಂದು ಮೇಡಂ."

"ಸಕ್ಕರೆ ಕಾಯಿಲೆ ಇಟ್ಕೊಂಡು ಮಿಠಾಯಿ ತಿಂತೀರಾ?"

"ಮಾತ್ರೆ ಕಹಿ ಮೇಡಂ."

"ಅದೂ ಅವರ ರೂಮಲ್ಲಿ?"

"ಸ್ಟಾಫ್ ರೂಮಲ್ಲಿ ತಿಂದ್ರೆ ಎಲ್ಲರಿಗೂ ಕೊಡಬೇಕಲ್ಲ."

ತಳದಲ್ಲಿ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ಸಿಕ್ಕಿತು. ಎಲ್ಲರ ಕಣ್ಣೂ ಚರಿತ್ರೆ ಮೇಷ್ಟ್ರ ಬೋಳು ತಲೆಯ ಮೇಲೆ ಬಿತ್ತು.

"ಹುಬ್ಬಿಗೆ," ಎಂದರು ಅವರು.

ತರಬೇತಿಯವರು ನಿಟ್ಟುಸಿರಿಟ್ಟರು. "ಕಸ ಸುಳ್ಳು ಹೇಳಲ್ಲ. ಅದನ್ನ ಓದೋರು ಹೇಳ್ತಾರೆ. ಮಕ್ಕಳಿಗೆ ಇದನ್ನೇ ಮೊದಲು ಕಲಿಸಿ."

ಚರಿತ್ರೆ ಮೇಷ್ಟ್ರು ನೆಲ ನೋಡಿದರು. ಇಷ್ಟು ವರ್ಷ ತಾನು ಮಾಡಿದ ಪಾಠಗಳಲ್ಲಿ, ಯಾರದೋ ಮಾನ ಉಳಿಸಲು ಯಾರೋ ಹೇಳಿದ ಇಂಥ ಮಾತುಗಳು ಎಷ್ಟಿದ್ದವೋ ಎಂಬ ಯೋಚನೆ ಬಂತು.

ಬಿಡುವಿನಲ್ಲಿ ಹೆಡ್‌ಮಾಸ್ಟರು ಅವರನ್ನು ಮೂಲೆಗೆ ಕರೆದು ಭುಜದ ಮೇಲೆ ಕೈಯಿಟ್ಟರು. ಕಣ್ಣು ತೇವವಾಗಿತ್ತು.

"ಹೊಟ್ಟೇಲಿ ಹುಟ್ಟಿದ ಮಗನೂ ಹೀಗೆ ಮಾಡ್ತಿರಲಿಲ್ಲ ಕಣಯ್ಯಾ. ನಿನ್ನ ಅರ್ಜಿಗೆ ಬೆಳಿಗ್ಗೆಯೇ ಸಹಿ ಹಾಕಿದ್ದೆ."

"ಸಾರ್..."

"ಈಗ ಹರಿದು ಹಾಕಿದೆ. ನಿನ್ನಂಥೋನನ್ನ ದೂರ ಕಳಿಸಿ ನಾನೇನು ಮಾಡ್ಲಿ? ನಾನು ನಿವೃತ್ತಿ ಆಗೋವರೆಗೂ ನೀನು ನನ್ನ ಪಕ್ಕದಲ್ಲೇ ಇರಬೇಕು."

ಚರಿತ್ರೆ ಮೇಷ್ಟ್ರು ಆ ಕೈಯನ್ನು ಭುಜದಿಂದ ಮೆಲ್ಲಗೆ ಇಳಿಸಿದರು. ಚಪ್ಪಲಿ ಮೆಟ್ಟಿ ಗೇಟು ದಾಟಿದರು. ಮಧ್ಯಾಹ್ನದ ತರಬೇತಿಗೆ ಬರಲಿಲ್ಲ, ಮರುದಿನ ಪಾಠಕ್ಕೂ ಬರಲಿಲ್ಲ.