ಹಸಿರು ಚಾವಣಿ ಮೇದ ಎತ್ತು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ: ಆ ಗಳಿಗೆಯಲ್ಲಿ ನನ್ನ ಬಲಗೈಯಲ್ಲಿ ಉಷ್ಣಮಾಪಕವಿತ್ತು, ಕಣ್ಣು ಎಡಗೈ ಗಡಿಯಾರದ ಮೇಲಿತ್ತು. ಹೊರಗೆ ಏಪ್ರಿಲ್ ಬಿಸಿಲು ಕಾಯುತ್ತಿತ್ತು. ಒಳಗೆ ನಾನು ಕಟ್ಟಿಸಿದ ಪರಿಸರಸ್ನೇಹಿ ಕೋಣೆ ಮಡಕೆಯಂತೆ ತಣ್ಣಗಿತ್ತು. ಚಾಪೆಯ ಮೇಲೆ ಅಡ್ಡಾಗಿದ್ದ ಅತ್ತೆಯವರಿಗೆ, "ನೋಡಿ ಅತ್ತೆ, ಫ್ಯಾನಿಲ್ಲದೇನೇ..." ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಒಂದು ಹಿಡಿ ಮಣ್ಣು ಬಿತ್ತು. ತಲೆಯೆತ್ತಿ ನೋಡಿದರೆ ಚಾವಣಿಯಿಂದ ಒಂದು ಗೊರಸು ಇಳಿದು ಬರುತ್ತಿತ್ತು.

ಹಳ್ಳಿಯಲ್ಲಿ ಇರುವುದನ್ನು ಇದ್ದ ಹಾಗೆ ಬಿಡಲಾರದ ಕಾಯಿಲೆಯೊಂದು ಓದಿದವರಿಗೆ ಇರುತ್ತದೆ. ನಾನು ಗೌರಿಬಿದನೂರಿನ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಗ್ರಾಮೀಣ ಪ್ರವಾಸೋದ್ಯಮದ ಬಗ್ಗೆ ಎರಡು ದಿನದ ಶಿಬಿರಕ್ಕೆ ಹೋಗಿ ಒಂದು ಚೀಲ, ಒಂದು ಪೆನ್ನು ಮತ್ತು ಈ ಕಾಯಿಲೆಯನ್ನು ಹೊತ್ತು ತಂದಿದ್ದೆ. ನನ್ನ ಬಾಮೈದ ಮುನಿರಾಜುವಿನ ಊರು ಸ್ಕಂದಗಿರಿಯ ಬುಡದಲ್ಲಿದೆ. ಬೆಟ್ಟ ಹತ್ತಲು ಪಟ್ಟಣದ ಹುಡುಗರು ಗುಂಪು ಗುಂಪಾಗಿ ಬರತೊಡಗಿದ ಕಾಲ ಅದು. "ಇವರೆಲ್ಲ ಉಳಿದುಕೊಳ್ಳೋಕೆ ಜಾಗ ಎಲ್ಲಿದೆ? ಹುಳುಮನೆ ಕೆಡವು, ಅತಿಥಿಗಳಿಗೆ ಕೋಣೆ ಕಟ್ಟೋಣ" ಎಂದೆ. ರೇಷ್ಮೆಹುಳು ಸಾಕಿ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೊರುತ್ತಿದ್ದ ಮುನಿರಾಜು ಒಂದು ದಿನ ಯೋಚಿಸಿದ. ಮಾರನೆಯ ದಿನ, "ಓದ್ದೋರು ನೀವು ಭಾವ. ನೀವ್ ಹೇಳಿದ್ಮೇಲೆ ಸರೀನೇ ಇರ್ತದೆ" ಎಂದವನೇ ಹಾರೆ ಎತ್ತಿಕೊಂಡ. ಆಮೇಲೆ ಅತಿಥಿಗಳು ಬಾರದಿದ್ದರೆ ಅವನಿಗೆ ಇತ್ತ ಹುಳುವೂ ಇಲ್ಲ, ಅತ್ತ ಅತಿಥಿಯೂ ಇಲ್ಲ. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ. ನಂಬಿದ್ದನಲ್ಲ, ಅದೇ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ವಿನ್ಯಾಸವೆಲ್ಲ ನನ್ನದೇ. ಇಳಿಜಾರಿಗೆ ಬೆನ್ನು ಕೊಟ್ಟು ಮಣ್ಣಿನ ಗೋಡೆ, ಬಿದಿರಿನ ತಡಿಕೆ, ಅದರ ಮೇಲೆ ಒಂದು ಗೇಣು ಮಣ್ಣು, ಮಣ್ಣಿನ ಮೇಲೆ ಗರಿಕೆ. "ಗುಡ್ಡ ಎಲ್ಲಿ ಮುಗೀತು, ಮನೆ ಎಲ್ಲಿ ಶುರುವಾಯ್ತು ಅಂತ ಯಾರಿಗೂ ಗೊತ್ತಾಗಬಾರದು" ಎಂದು ಗಾರೆ ಕೆಲಸದವನಿಗೆ ತಾಕೀತು ಮಾಡಿದ್ದೆ. ಆತ ತಲೆ ಕೆರೆದುಕೊಂಡು, "ಗೊತ್ತಾಗ್ದಿದ್ರೆ ತೊಂದ್ರೆ ಅಲ್ವಾ ಸಾರ್?" ಎಂದ. ಸೌಂದರ್ಯಪ್ರಜ್ಞೆ ಇಲ್ಲದವನೆಂದು ಅವನ ಮೇಲೆ ಮರುಕಪಟ್ಟೆ. ದಿನಕ್ಕೆರಡು ಸಲ ನೀರು ಹಾಕಿಸಿದ್ದರಿಂದ, ಸುತ್ತಲಿನ ಗುಡ್ಡವೆಲ್ಲ ಒಣಗಿ ಕಂದಾಗಿದ್ದಾಗಲೂ ನನ್ನ ಚಾವಣಿಯೊಂದೇ ಹಸಿರಾಗಿ ನಗುತ್ತಿತ್ತು.

ಅವತ್ತು ಸೋಮವಾರ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಿಚ್ಚಿ ಗುಡ್ಡಕ್ಕೆ ಮೇಯಲು ಬಿಡುತ್ತಾರೆ. ಇದು ಆ ಊರಿನ ಎಳೆಮಗುವಿಗೂ ಗೊತ್ತು. ನನಗೆ ಗೊತ್ತಿದ್ದದ್ದು ಕಾಲೇಜಿಗೆ ರಜೆ ಎಂಬುದಷ್ಟೇ. ಹೊರಗಿನವರು ಮಲಗುವ ಮೊದಲು ಮನೆಯವರೊಬ್ಬರು ಬೆನ್ನು ಚಾಚಬೇಕೆಂದು ಅತ್ತೆ ಹಟ ಹಿಡಿದು ಬಂದಿದ್ದರು. ಇತ್ತ ಮುನಿರಾಜುವಿನ ಎತ್ತು ಕೆಂಚ, ಗುಡ್ಡ ಮುಗಿದದ್ದು ತಿಳಿಯದೆ, ಗರಿಕೆಯ ಜಾಡು ಹಿಡಿದು ಸೀದಾ ನಮ್ಮ ನೆತ್ತಿಯ ಮೇಲಕ್ಕೆ ನಡೆದುಬಂದಿತ್ತು.

ಮೊದಲ ಗೊರಸಿನ ಹಿಂದೆಯೇ ಎರಡನೆಯದೂ ಬಂತು. ಆಮೇಲೆ ಎದೆಯವರೆಗೆ ಎತ್ತು. "ಅಯ್ಯೋ ದೇವುಡಾ!" ಎಂದು ಅತ್ತೆ ಚಾಪೆಯ ಸಮೇತ ಬಾಗಿಲಿಗೆ ಉರುಳಿದರು. ನಾನು ಮಾತ್ರ ಉಷ್ಣಮಾಪಕ ಹಿಡಿದು ಕೆಂಚನ ಕೊರಳಡಿ ಜೋಲುತ್ತಿದ್ದ ಗಂಗೆದೊಗಲನ್ನೇ ನೋಡುತ್ತ ನಿಂತಿದ್ದೆ. ಹೊರಗಿನಿಂದ ಅತ್ತೆ ಕೂಗಿದರು: "ಏನಪ್ಪಾ ಅಳಿಯಂದಿರೇ, ಎತ್ತಿಗೆ ಜ್ವರ ನೋಡ್ತಾ ಇದೀರಾ? ಈಚೆ ಬನ್ನಿ!"

ಊರಿನವರು ಓಡಿಬಂದರು. ಕೋಣೆಯೊಳಗೆ ರಾಗಿಹುಲ್ಲಿನ ಹೊರೆಗಳನ್ನು ಒಂದರ ಮೇಲೊಂದು ಪೇರಿಸಿ, ತೂಗಾಡುತ್ತಿದ್ದ ಕಾಲುಗಳಿಗೆ ನೆಲೆ ಕೊಟ್ಟರು. ಹಿಂದಿನಿಂದ ಮಣ್ಣು ಬಗೆದು, ಹಗ್ಗ ಹಾಕಿ, ಕೆಂಚನನ್ನು ಗುಡ್ಡಕ್ಕೆ ಎಳೆದುಕೊಂಡರು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಇಷ್ಟು ಹೊತ್ತೂ ಅದು ಬಾಯಿಗೆಟುಕಿದ ಗರಿಕೆಯನ್ನು ಮೇಯುತ್ತಲೇ ಇತ್ತೆಂದು ಮೇಲಿದ್ದವರು ಆಮೇಲೆ ಹೇಳಿದರು. ಮುನಿರಾಜು ಬೈಯಲಿಲ್ಲ. ಮುರಿದ ಚಾವಣಿಯನ್ನು ನೋಡಿ, "ಬರೋ ಶನಿವಾರ ಜನ ಬರ್ತಾರಲ್ಲ ಭಾವ" ಎಂದಷ್ಟೇ ಹೇಳಿದ. ಊರಿನವರ ಜೊತೆ ಸೇರಿ ನಾಲ್ಕೇ ದಿನದಲ್ಲಿ ಹಂಚು ಹೊದಿಸಿದ, ಹಿಂದೆ ಮುಳ್ಳುಬೇಲಿ ಎಳೆದ.

ಚಾವಣಿ ರಿಪೇರಿಯಾಯಿತು, ನಾನು ಆಗಲಿಲ್ಲ. ಗೌರಿಬಿದನೂರಿನ ಮನೆಯಲ್ಲಿ ಕಣ್ಣು ಮುಚ್ಚಿದರೆ ಮಣ್ಣು ಉದುರುತ್ತಿತ್ತು. ಮೇಲೆ 'ಧಡ್' ಎಂದರೆ ಎದ್ದು ಕೂರುತ್ತಿದ್ದೆ. "ಮೇಲಿರೋದು ಬಾಡಿಗೆಯವ್ರು ಕಣ್ರೀ, ಎತ್ತಲ್ಲ. ಮಲಕ್ಕೊಳ್ಳಿ" ಎಂದು ಹೆಂಡತಿ ಸುಮಿತ್ರ ಮಗ್ಗುಲು ಬದಲಿಸುತ್ತಿದ್ದಳು. ಅತ್ತೆ ಆ ಗೊರಸಿನ ಕೆಳಗೇ ಇದ್ದಿದ್ದರೆ? ನಾನು ಒಂದು ಹೆಜ್ಜೆ ಮುಂದಿದ್ದಿದ್ದರೆ? ಈ ಲೆಕ್ಕ ಬೆಳಗಿನವರೆಗೆ ನಡೆಯುತ್ತಿತ್ತು.

ಶನಿವಾರ ಮತ್ತೆ ಮುನಿರಾಜುವಿನ ಊರಿಗೆ ಹೋದೆ. ಆರು ಜನ ಹುಡುಗರು ಬಂದರು. ಅವರಿಗೆ ಕೋಣೆ ಬಿಟ್ಟುಕೊಟ್ಟು ನಾನು ಮುನಿರಾಜುವಿನ ಮನೆಯ ನಡುಮನೆಯಲ್ಲಿ ಮಲಗಿದೆ. ಸೂರು ನೋಡಿ ನೋಡಿ ಸಾಕಾಗಿ, ಕೊನೆಗೆ ಮಂಚ ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕೆಂಚನ ಎದುರಿಗೇ ಹಾಕಿಕೊಂಡೆ. ಅದು ನೆಲದ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು. ಎತ್ತು ಕಣ್ಣೆದುರು ಇರುವಷ್ಟು ಹೊತ್ತು ತಲೆಯ ಮೇಲಿರಲು ಸಾಧ್ಯವಿಲ್ಲ ಎಂಬ ಸತ್ಯ ಹೊಳೆದದ್ದೇ ತಡ, ನಿದ್ದೆ ಹತ್ತಿತು.

ಎಚ್ಚರವಾದಾಗ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬೆಟ್ಟ ಇಳಿದು ಬಂದಿದ್ದ ಹುಡುಗರು ಸುತ್ತ ನಿಂತು ಕ್ಯಾಮೆರಾದಲ್ಲಿ ನನ್ನನ್ನೂ ಕೆಂಚನನ್ನೂ ಒಟ್ಟಿಗೆ ಹಿಡಿಯುತ್ತಿದ್ದರು. ಅವರಲ್ಲೊಬ್ಬ ಮುನಿರಾಜುವನ್ನು ಕೇಳುತ್ತಿದ್ದ: "ರೂಮು ಓಕೆ ಅಣ್ಣ. ಆದ್ರೆ ಮುಂದಿನ ವಾರ ನಮ್ಮ ಫ್ರೆಂಡ್ಸ್ ಬರ್ತಾರೆ, ಅವ್ರಿಗೆ ಇಲ್ಲೇ ಮಂಚ ಹಾಕಿಕೊಡ್ತೀರಾ?"

ಅಷ್ಟು ದಿನದಲ್ಲಿ ಮೊದಲ ಸಲ ಮುನಿರಾಜುವಿನ ಮುಖ ಅರಳಿತು. ನನ್ನ ಕಡೆ ತಿರುಗಿ, "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಕೊಟ್ಟಿಗೇಗೆ ಮಾತ್ರ ಏನೂ ಡಿಸೈನ್ ಮಾಡ್ಬೇಡಿ" ಎಂದ.

ಮಾಡುವುದಿಲ್ಲವೆಂದು ಮಾತು ಕೊಟ್ಟೆ. ಕೆಂಚನ ಎದುರಿನ ಮಂಚವನ್ನು ಮಾತ್ರ ಯಾರಿಗೂ ಬಾಡಿಗೆಗೆ ಕೊಡಬೇಡ ಎಂದೆ.